ಎಷ್ಟು ಹೊತ್ತಾದರೂ ಕಾಯುತ್ತೇನೆ

ಕತ್ತರಿ ಬಟ್ಟೆ ಬಿಟ್ಟು ಹೆಬ್ಬೆರಳಿಗೆ ಬಿದ್ದಾಗ ಟೈಲರಿಗೆ ನೋವಾಯಿತು. ಹಿಂದೆಯೇ ಒಳಗೊಳಗೇ ಖುಷಿಯೂ ಆಯಿತು. ಹೆಂಡತಿ ತೀರಿಕೊಂಡ ಮೇಲೆ ಅವರ ಜೊತೆ ದಿನವಿಡೀ ಸದ್ದು ಮಾಡುತ್ತಿದ್ದುದು ಹೊಲಿಗೆ ಮಿಷನ್ ಒಂದೇ. ತುರ್ತು ಚಿಕಿತ್ಸಾಲಯದಲ್ಲಾದರೆ ಒಬ್ಬರೇ ಡಾಕ್ಟರು, ಬೆಂಚಿನ ತುಂಬ ಜನ. ಹೋದ ಸಲ ಜ್ವರವೆಂದು ಹೋದವರು ಅಲ್ಲಿ ಕಾದು ಕೂತು, ಯಾರದೋ ಸೊಸೆಯ ಕತೆ ಕೇಳಿ, ಯಾರದೋ ಮಗುವನ್ನು ಆಡಿಸಿ, ಡಾಕ್ಟರನ್ನು ನೋಡುವ ಮೊದಲೇ ಗುಣವಾಗಿದ್ದರು.

ಬೆರಳಿಗೆ ಬಟ್ಟೆ ಸುತ್ತಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು. ಹೋಗಿ ನೋಡಿದರೆ ಬೆಂಚು ಖಾಲಿ. ಈಗ ಅನುಭವಿ ಸಿಸ್ಟರುಗಳೇ ಪರೀಕ್ಷೆ ಮಾಡಿ, ಹೊಲಿಗೆ ಹಾಕಿ, ಔಷಧಿಯನ್ನೂ ಬರೆದುಕೊಡಬಹುದಂತೆ. ಟೈಲರು ಕೂರುವ ಮೊದಲೇ ಸಿಸ್ಟರು ಒಳಗೆ ಕರೆದು, ಅಂಗಿಗೆ ಒಂದು ಕಾಜಾ ಹೊಲಿಯುವಷ್ಟು ಹೊತ್ತಿನಲ್ಲಿ ಬೆರಳು ಹೊಲಿದು ಮುಗಿಸಿದರು.

"ಆಯ್ತು, ಮನೆಗೆ ಹೋಗ್ಬಹುದು."

ಟೈಲರ ಮುಖ ಹೊಲಿಗೆ ಬಿಟ್ಟ ಜೇಬಿನ ಹಾಗೆ ಜೋತುಬಿತ್ತು. ತಾನು ಡಾಕ್ಟರನ್ನೇ ನೋಡಬೇಕು, ಎಷ್ಟು ಹೊತ್ತಾದರೂ ಕಾಯುತ್ತೇನೆ ಎಂದರು. ಇಷ್ಟಕ್ಕೆಲ್ಲ ಡಾಕ್ಟರು ಬರುವುದಿಲ್ಲ, ಎದೆನೋವಿನಂಥದ್ದಿದ್ದರೆ ಮಾತ್ರ ಎಂದರು ಸಿಸ್ಟರು.

"ಹಾಗಾದ್ರೆ ಎದೇನೂ ಸ್ವಲ್ಪ ನೋಯ್ತಿದೆಯಮ್ಮ."

ಬಾಯಿಂದ ಅಷ್ಟು ಬಿದ್ದದ್ದೇ ತಡ, ಅವರನ್ನು ಪರದೆಯ ಹಿಂದೆ ಮಲಗಿಸಿ ಮೈಗೆಲ್ಲ ವೈರು ಅಂಟಿಸಿದರು. ಮನೆಯವರ ನಂಬರು ಕೇಳಿದಾಗ ಟೈಲರು ಅಂಗಡಿಯ ಮಹಡಿ ಮೇಲಿನ ಮನೆಯ ಅಕ್ಕನ ನಂಬರು ಕೊಟ್ಟರು. ಸಿಸ್ಟರು ಫೋನ್ ಮಾಡಿ, ಎದೆನೋವು, ಪರೀಕ್ಷೆ ನಡೆಯುತ್ತಿದೆ ಎಂದು ತಿಳಿಸಿದರು. ಡಾಕ್ಟರು ಊಟ ಬಿಟ್ಟು ಓಡಿಬಂದು, ಕಾಗದದ ಮೇಲಿನ ಗೆರೆ ನೋಡಿ, ಏನೂ ಇಲ್ಲವೆಂದು ತಲೆಯಾಡಿಸಿ ಊಟಕ್ಕೆ ಮರಳಿದರು.

ಸಿಸ್ಟರು ವೈರು ಬಿಚ್ಚುತ್ತಾ, ಮನೆಯಲ್ಲಿ ಮಾತಾಡಲು ಯಾರೂ ಇಲ್ಲವೇ ಎಂದು ಕೇಳಿದರು. ಟೈಲರು ಸೂರು ನೋಡಿದರು.

"ಎದೆನೋವು ಸುಳ್ಳಮ್ಮ," ಎಂದರು ಮೆಲ್ಲಗೆ.

"ಪೂರ್ತಿ ಸುಳ್ಳಲ್ಲ ಬಿಡಿ. ಔಷಧಿ ನಾನೇ ಹೇಳ್ತೀನಿ. ಅಂಗಡಿ ಮುಂದೆ ಎರಡು ಕುರ್ಚಿ ಹಾಕಿ. ಬಂದವರನ್ನ ಕೂರಿಸಿ ಮಾತಾಡ್ಸಿ. ದಿನಾ."

ಎಷ್ಟೋ ವರ್ಷದ ಮೇಲೆ ಯಾರೋ ತಮ್ಮ ಅಳತೆ ತೆಗೆದ ಹಾಗಾಯಿತು ಟೈಲರಿಗೆ. ಕುರ್ಚಿ ಎಲ್ಲಿ ಹಾಕುವುದೆಂದು ಯೋಚಿಸುತ್ತಾ ತಮ್ಮ ಬೀದಿಗೆ ಬಂದರು. ಅವರನ್ನು ಕಂಡದ್ದೇ ಕ್ಷೌರದಂಗಡಿಯವನು ರೇಡಿಯೊ ಆರಿಸಿದ. ಎದುರು ಬಂದ ಗಿರಾಕಿಯೊಬ್ಬರು ತುದಿಗಾಲಲ್ಲಿ ಆಚೆ ಬದಿಗೆ ದಾಟಿದರು. ಅಂಗಡಿಯ ಬಾಗಿಲಿಗೆ ಒಂದು ರಟ್ಟು ನೇತಾಡುತ್ತಿತ್ತು: 'ಟೈಲರಿಗೆ ಹಾರ್ಟ್ ತೊಂದರೆ. ಒಂದು ತಿಂಗಳು ಯಾರೂ ಮಾತಾಡಿಸಬಾರದು.'

ರಟ್ಟಿನ ಪಕ್ಕ ಮಹಡಿ ಮೇಲಿನ ಅಕ್ಕ ಕಾವಲು ನಿಂತಿದ್ದರು. ಟೈಲರು ಬಾಯಿ ತೆರೆದರು.

"ಶ್... ನೀವೂ ಮಾತಾಡ್ಬೇಡಿ. ಇಡೀ ಬೀದಿಗೆ ಹೇಳಿಟ್ಟಿದೀನಿ," ಎಂದು ಪಿಸುಗುಟ್ಟಿದ ಅಕ್ಕ, ಅವರನ್ನು ಒಳಗೆ ಕೂರಿಸಿ, ಒಂದಿಷ್ಟೂ ಸದ್ದಾಗದಂತೆ ಬಾಗಿಲೆಳೆದುಕೊಂಡು ಹೋದರು.