ಎಲ್ವಿನ್ ಇಡೀ ಮನೆ ಕಾಯಿಸಿದ್ದು

ಅಮೆರಿಕದ ವರ್ಮಾಂಟಿನ ಎಲ್ವಿನ್ ಪಾಕೆಟ್‌ಗೆ ಎಣ್ಣೆ ಲಾರಿ ಕಂಡರೆ ಮೈಯೆಲ್ಲ ಉರಿ. ಚಳಿಗಾಲ ಬಂತೆಂದರೆ ಆ ಲಾರಿ ಬರಬೇಕು, ನೆಲಮಾಳಿಗೆಯ ಬಾಯ್ಲರ್‌ಗೆ ಎಣ್ಣೆ ಕುಡಿಸಬೇಕು, ಆಮೇಲೆ ಮನೆ ಬೆಚ್ಚಗೆ. "ಹಿತ್ತಲಲ್ಲಿ ಕಾಡು ಇಟ್ಕೊಂಡು ಎಣ್ಣೆ ಸುಡೋನು ಗಂಡಸೇ ಅಲ್ಲ" ಎಂದು ಇಪ್ಪತ್ತು ವರ್ಷ ಹೇಳಿದ. ಈ ವರ್ಷ ಮಾಡಿಯೂ ಬಿಟ್ಟ. (ಹೇಳುವ ಗಂಡಸರಿಂದ ಅಪಾಯವಿಲ್ಲ. ಮಾಡುವವರಿಂದಲೇ.)

ನಡುಮನೆಯ ಹಳೇ ಅಗ್ಗಿಷ್ಟಿಕೆಯ ಬಾಯೊಳಗೆ ಕಬ್ಬಿಣದ ಒಲೆಯೊಂದನ್ನು ಕೂರಿಸಿದ. ಗಾಜಿನ ಬಾಗಿಲು, ಒಳಗೊಂದು ಫ್ಯಾನು. ಎಣ್ಣೆ ಲಾರಿಯ ರೆಜಿಯನ್ನು ದಾರಿಯಲ್ಲೇ ಅಡ್ಡಗಟ್ಟಿದ.

"ಇನ್ನು ನನ್ನ ಅಂಗಳಕ್ಕೆ ಚಕ್ರ ಹಾಕ್ಬೇಡ."

"ಆಗ್ಲಿ ಎಲ್ವಿನ್. ನನ್ನ ನಂಬರು ನಿನ್ನ ಹತ್ರ ಇದೆಯಲ್ಲ?" ಎಂದ ರೆಜಿ.

ಆ ಮಾತಿಗೆ ಎಲ್ವಿನ್ ಒಂದು ವಾರ ಹಲ್ಲು ಕಡಿದ.

ಜನವರಿ ಬಂತು. ಹೊರಗೆ ಸೊಂಟದುದ್ದ ಹಿಮ. ನಡುಮನೆಯಲ್ಲಿ ಎಲ್ವಿನ್ ಬನಿಯನ್ ಹಾಕಿಕೊಂಡು ಬೆವರುತ್ತ ಕೂತಿದ್ದ. ಮಹಡಿಯ ಮೇಲೆ ಅವನ ಅತ್ತೆ ಬ್ಯೂಲಾ ಕೋಟು, ಟೋಪಿ, ಕೈಚೀಲ ಮೂರನ್ನೂ ಏರಿಸಿ ಮಂಚದ ಮೇಲೆ ಕೂತಿದ್ದಳು. ಎಂಬತ್ತೆರಡು ವರ್ಷದ ಹೆಂಗಸು, ಬಸ್ಸಿಗೆ ಕಾದಂತೆ.

ಶಾಖ ಮೇಲೆ ಹತ್ತಲಿ ಎಂದು ಎಲ್ವಿನ್ ಮನೆಯ ಒಳಬಾಗಿಲುಗಳನ್ನೆಲ್ಲ ಕಿತ್ತು ಕೊಟ್ಟಿಗೆಗೆ ಸಾಗಿಸಿದ. ಬಚ್ಚಲಿನದನ್ನೂ. ಒಳಗಿದ್ದವರು ಹಾಡಬೇಕು, ಅದೇ ಚಿಲಕ. ಅತ್ತೆಗೆ ಬರುತ್ತಿದ್ದುದು ಚರ್ಚಿನ ಎರಡು ಹಾಡು. ಹೊಟ್ಟೆ ಕೆಟ್ಟ ದಿನ ಎರಡೂ ಸಾಲದೆ ಹೋದವು.

"ಅಮ್ಮನ ಮೂಗು ನೀಲಿ ಆಗಿದೆ" ಎಂದಳು ಹೆಂಡತಿ ಕೊಲೀನ್.

"ವಯಸ್ಸಾಯ್ತು. ರಕ್ತ ತೆಳು."

"ಲೋಟದ ನೀರು ಗಟ್ಟಿ ಆಗಿದೆ. ಅದಕ್ಕೂ ವಯಸ್ಸಾಯ್ತಾ?"

"ನೋಡು ಕೊಲೀನ್, ಟ್ಯಾಂಕಲ್ಲಿ ಹೋದ ವರ್ಷದ ಎಣ್ಣೆ ಇನ್ನೂ ಇದೆ, ಮನೆ ತಣ್ಣಗಾದ್ರೆ ಬಾಯ್ಲರ್ ತಾನೇ ಹತ್ಕೊಳ್ಳುತ್ತೆ. ಹತ್ಕೊಂಡಿದೆಯಾ? ಮೂರು ವಾರದಲ್ಲಿ ಒಂದು ಸಲ? ಅಂದ್ರೆ ಮನೆ ಬೆಚ್ಚಗಿದೆ. ಯಂತ್ರ ಸುಳ್ಳು ಹೇಳುತ್ತಾ?"

"ನನ್ನ ಅಮ್ಮ ಹೇಳ್ತಾಳಾ?"

ಎಲ್ವಿನ್ ಒಲೆಯ ಬಾಗಿಲು ತೆರೆದ. ಸೌದೆ ಹಾಕಿದ.

"ಸರಿ. ಶನಿವಾರದೊಳಗೆ ಅಮ್ಮನ ಕೋಣೆ ಬೆಚ್ಚಗಾಗ್ಬೇಕು. ಆಗ್ಲಿಲ್ಲ ಅಂದ್ರೆ ಈ ಮನೇಲಿ ಶಾಖದ ಯಜಮಾನಿಕೆ ಅವಳದ್ದು. ನೀನು ಬಾಯಿ ಹಾಕೋ ಹಾಗಿಲ್ಲ."

"ಒಪ್ಪಿದೆ!" ಎಂದ ಎಲ್ವಿನ್. ಬಾಯ್ಲರ್ ತನ್ನ ಕಡೆ ಸಾಕ್ಷಿ ಇರುವಾಗ ಅವನಿಗೇನು ಭಯ? ಮೆಟ್ಟಿಲ ಬುಡದಲ್ಲಿ ಇನ್ನೊಂದು ಫ್ಯಾನು ಇಟ್ಟ. ಅದು ಮಹಡಿಯ ಚಳಿಯನ್ನು ಕೆಳಗೆ ಎಳೆದು ಬೆಕ್ಕಿಗೆ ನೆಗಡಿ ತರಿಸಿತು.

ಶನಿವಾರ ಬೆಳಿಗ್ಗೆ ಮಹಡಿಯಲ್ಲಿ ಪಟ್ ಎಂದು ಸದ್ದಾಯಿತು. ಕೈತೊಳೆಯುವ ಬೇಸಿನ್ನಿನ ಕೊಳವೆ ಹೆಪ್ಪುಗಟ್ಟಿ ಸೀಳಿತ್ತು. ನೀರು ನಡುಮನೆಯ ಸೂರಿನಿಂದ ಇಳಿದು ಎಲ್ವಿನ್‌ನ ಒರಗುಕುರ್ಚಿಯ ಮೇಲೆ ಬಿತ್ತು. ಎಲ್ವಿನ್ ಅದರಲ್ಲೇ ಕೂತಿದ್ದ.

ಕೊಲೀನ್ ಗಂಡನನ್ನು ಕೇಳಲೇ ಇಲ್ಲ. ರೆಜಿಗೆ ಫೋನು ಮಾಡಿದಳು. ಬಾಯ್ಲರ್ ರಿಪೇರಿ, ಕೊಳವೆ ಬೆಸುಗೆ, ಆ ಊರಿಗೆಲ್ಲ ಅವನೇ.

ರೆಜಿ ಕೊಳವೆ ಸರಿಮಾಡಿ ಕೆಳಗಿಳಿದ. ಒಲೆಯನ್ನು ನೋಡಿದ. ಒಲೆಯ ಎದುರಿನ ಗೋಡೆಯಲ್ಲಿದ್ದ ಥರ್ಮೋಸ್ಟಾಟ್ ಡಬ್ಬಿಯನ್ನು ನೋಡಿದ. ಎರಡರ ನಡುವೆ ಆರು ಹೆಜ್ಜೆ ಅಳೆದ.

"ಎಲ್ವಿನ್, ಮನೆಗೆ ಚಳಿ ಆಯ್ತು ಅಂತ ಬಾಯ್ಲರ್‌ಗೆ ಹೇಳೋದು ಈ ಡಬ್ಬಿ."

"ಗೊತ್ತು."

"ನೀನು ಅದರ ಎದುರಿಗೇ ಬೆಂಕಿ ಕೂರಿಸಿದೀಯ."

ಎಲ್ವಿನ್ ಡಬ್ಬಿಯನ್ನು ಮುಟ್ಟಿ ನೋಡಿದ. ಬೆಚ್ಚಗಿತ್ತು.

"ಪಾಪ, ಇದಕ್ಕೆ ಸೆಕೆಯೋ ಸೆಕೆ. ಮೇಲೆ ಯಾರು ಸತ್ರು, ಯಾರು ಬದುಕಿದ್ರು, ಇದಕ್ಕೇನು ಗೊತ್ತು? ಮನೇಲಿ ಜಾಸ್ತಿ ಚಳಿ ಇರೋ ಕೋಣೇಲಿ ಹಾಕ್ಬೇಕು ಇದನ್ನ. ಯಾವುದು?"

ಕೊಲೀನ್ ಬೆರಳೆತ್ತಿ ಸೂರು ತೋರಿಸಿದಳು.

ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಅತ್ತೆಯ ಮಂಚದ ತಲೆದೆಸೆಗೆ ಹೋಯಿತು. ಬ್ಯೂಲಾ ಕೈಚೀಲ ಕೆಳಗಿಟ್ಟು ಡಬ್ಬಿಯ ಗುಂಡಿಯನ್ನು ಒಂದು ಸುತ್ತು ತಿರುಗಿಸಿದಳು. ನೆಲಮಾಳಿಗೆಯಲ್ಲಿ ಬಾಯ್ಲರ್ ಗುಡುಗಿತು. ಅವಳಿಗೆ ಅದು ಹಿಡಿಸಿತು. ಇನ್ನೊಂದು ಸುತ್ತು ತಿರುಗಿಸಿದಳು.

ವಾರದೊಳಗೆ ಮನೆಯಲ್ಲಿ ಬ್ರೆಡ್ಡಿನ ಹಿಟ್ಟು ತಾನಾಗಿ ಉಬ್ಬತೊಡಗಿತು. ಎಲ್ವಿನ್ ತನ್ನ ಒಲೆಗೆ ಒಂದು ಕಡ್ಡಿ ಹಾಕುವಂತಿಲ್ಲ, ಹಾಕಿದರೆ ಜನ ಬೇಯುತ್ತಾರೆ. ಕಾರಣ ಹುಡುಕಿ ಮಹಡಿ ಹತ್ತಿದ. ಅತ್ತೆ ತೆಳು ಗೌನು ತೊಟ್ಟು ಬಟಾಣಿ ಸೂಪು ಕುಡಿಯುತ್ತಿದ್ದಳು. ಕಿಟಕಿ ಮೊಳದಗಲ ತೆರೆದಿತ್ತು.

"ಅತ್ತೆ! ಕಿಟಕಿ ಮುಚ್ಚಿ!"

"ಉಸಿರು ಕಟ್ಟುತ್ತಪ್ಪ. ಮುಚ್ಚಿದ ಕಿಟಕಿ ನನಗೆ ಆಗಲ್ಲ."

"ಹಾಗಾದ್ರೆ ಡಬ್ಬಿನಾದ್ರೂ ಇಳಿಸಿ!"

"ಕಿಟಕಿ ತೆಗೆದಾಗ ಇಳಿಸ್ತಾರಾ? ಚಳಿ ಆಗಲ್ವಾ?"

ಎಲ್ವಿನ್ ಹಿಂದೆಯೇ ಹತ್ತಿ ಬಂದಿದ್ದ ಹೆಂಡತಿಯ ಕಡೆ ತಿರುಗಿದ. ಕೊಲೀನ್ ಬಾಯಿಯ ಮೇಲೆ ಬೆರಳಿಟ್ಟಳು. ಒಪ್ಪಿದ ಮಾತು ಒಪ್ಪಿದ ಮಾತು.

ಅಷ್ಟರಲ್ಲಿ ಹೊರಗೆ ಹಾರ್ನು ಕೇಳಿಸಿತು. ಲಾರಿ ಅಂಗಳದ ಬಾಯಿಗೆ ಬಂದು ಹಿಮದಲ್ಲಿ ಸಿಕ್ಕಿ ನಿಂತಿತ್ತು. ಬ್ಯೂಲಾ ಸೂಪಿನ ಬಟ್ಟಲು ಇಟ್ಟು ಅರ್ಧ ಮೈ ಕಿಟಕಿಯಾಚೆ ಚಾಚಿದಳು.

"ಅಲ್ಲೇ ಇರು ರೆಜಿ, ಬಂದ್ರು! ಅಳಿಯಂದಿರೇ, ಸಲಿಕೆ ತಗೊಂಡು ಇಳೀರಿ. ಪೂರ್ತಿ ಅಗಲಕ್ಕೆ ಕೆರೀರಿ. ದೊಡ್ಡ ಲಾರಿ ತರೋಕೆ ನಾನೇ ಹೇಳಿದ್ದು."