ಬಾಲಯೇಸುವಿಗೊಂದು ಸೀಟು

ನನಗೊಂದು ಅಭ್ಯಾಸವಿದೆ. ಎಂಥ ತೊಂದರೆ ಬಂದರೂ ಅದರೊಳಗೆ ದೇವರು ಬಚ್ಚಿಟ್ಟಿರುವ ಸಣ್ಣ ಉಪಕಾರವೊಂದನ್ನು ಹುಡುಕಿ ತೆಗೆಯದಿದ್ದರೆ ನನಗೆ ಊಟ ಸೇರುವುದಿಲ್ಲ. ಕುಕ್ಕರ್ ಸಿಡಿದು ಬೇಳೆಯೆಲ್ಲ ಸೂರಿಗೆ ಅಂಟಿಕೊಂಡಾಗ, "ಸದ್ಯ, ಇನ್ನೂ ಸುಣ್ಣ ಹೊಡೆಸಿರಲಿಲ್ಲ, ದೇವರಿಗೆ ಸ್ತೋತ್ರ" ಎಂದೆ. ನಮ್ಮ ಯಜಮಾನರಿಗೆ ಮಂಡಿನೋವು ಶುರುವಾದಾಗ, "ಸದ್ಯ, ಇಸ್ಪೀಟಿನ ಗೆಳೆಯರ ಮನೆ ಮೂರನೇ ಮಹಡಿಯಲ್ಲಿದೆ, ಸ್ತೋತ್ರ" ಎಂದೆ. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾಗಿರುವ ಅವರ ಹೆಸರು ಚೌರಪ್ಪ. "ನಾನು ಸತ್ತಾಗಲೂ ನೀನು ಏನಾದ್ರೂ ಒಂದು ಉಪಕಾರ ಹುಡುಕ್ತೀಯ ಬಿಡೇ ರೀಟಾ" ಎನ್ನುತ್ತಾರೆ. ಒಂದೆರಡು ಈಗಲೇ ಹೊಳೆಯುತ್ತವೆ ಎಂದು ಹೇಳಿ ಅವರ ಮನಸ್ಸು ನೋಯಿಸುವುದೇಕೆ? ಆದರೆ ಹೋದ ಕ್ರಿಸ್‌ಮಸ್ಸಿನ ರೈಲು ಪ್ರಯಾಣದಲ್ಲಿ ನನಗೆ ಸಿಕ್ಕ ಒಂದು ದೊಡ್ಡ ಉಪಕಾರ ಮಾತ್ರ ದೇವರು ಕೊಟ್ಟದ್ದೋ ನಾನೇ ಕದ್ದದ್ದೋ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ನನ್ನ ತವರು ಅರಸೀಕೆರೆಯಿಂದ ಒಂದು ಗಂಟೆಯ ದಾರಿ. ಮೂವತ್ತು ಮನೆ, ಒಂದು ಪುಟ್ಟ ಗುಡಿ. ನಮ್ಮವರು ಚರ್ಚಿಗೂ ಗುಡಿ ಎಂದೇ ಹೇಳುವುದು. ಡಿಸೆಂಬರ್ ಬಂದರೆ ಅಲ್ಲಿ ರಾಗಿ ಹುಲ್ಲಿನ ಗೋದಲಿ ಕಟ್ಟುತ್ತಾರೆ. ಮಾತೆ ಮರಿಯ, ಜೋಸೆಫರು, ಕುರಿ, ಹಸು ಎಲ್ಲ ಮೊದಲೇ ಬಂದು ಕಾಯುತ್ತ ನಿಂತಿರುತ್ತವೆ. ಬಾಲಯೇಸುವನ್ನು ಮಾತ್ರ ಇಪ್ಪತ್ತನಾಲ್ಕರ ಸಂಜೆ ಆರು ಗಂಟೆಯ ಪೂಜೆಯಲ್ಲಿ ತಂದು ಮಲಗಿಸಬೇಕು. ಫಾದರಿಗೆ ಅಂದು ಇನ್ನೂ ಎರಡು ಊರಿನ ಪೂಜೆ ಇರುವುದರಿಂದ ಅವರು ಯಾರಿಗೂ ಕಾಯುವವರಲ್ಲ. ಆ ಬಾಲಯೇಸುವಿನ ಬಣ್ಣ ಪೂರ್ತಿ ಹೋಗಿ, ಮೂತಿಯೆಲ್ಲ ಮಚ್ಚೆಯಾಗಿತ್ತು. ಆಗಸ್ಟಿನಲ್ಲಿ ಊರಿಗೆ ಹೋದವಳು ಸುಮ್ಮನಿರಬಾರದೆ? "ಬೆಂಗಳೂರಿನಲ್ಲಿ ಏನು ತಾನೆ ಸಿಗಲ್ಲ, ಹೊಸದರ ಹಾಗೆ ಮಾಡಿಸಿಕೊಂಡು ಬರ್ತೀನಿ" ಎಂದು ಇಡೀ ಊರಿನ ಮುಂದೆ ಹೇಳಿ ಎತ್ತಿಕೊಂಡು ಬಂದೆ. ಗೋದಲಿಯ ಉಸ್ತುವಾರಿ ನಮ್ಮ ಅಣ್ಣನ ಹೆಂಡತಿ ಲೂರ್ದಮ್ಮ ಅತ್ತಿಗೆಯದು. "ನೋಡವ್ವ, ಅಬ್ಬದ್ ದಿನ ಗೋದ್ಲಿ ಖಾಲಿ ಬಿದ್ದಿದ್ರೆ ನಿನ್ನೇ ಮಲಗಿಸ್ಬುಡ್ತೀನಿ" ಎಂದು ಅಂದೇ ಎಚ್ಚರಿಸಿದ್ದಳು.

ಪೀಣ್ಯದ ಹತ್ತಿರ ಗಣಪತಿ ಮಾಡುವ ಕುಮಾರಣ್ಣನಿಗೆ ಕೆಲಸ ಒಪ್ಪಿಸಿದೆ. ಚೌತಿ ಮುಗಿದ ಮೇಲೆ ಆತನ ಕೈ ಬಿಡುವಾಗಿರುತ್ತದೆ. ಬಹಳ ಭಕ್ತಿಯಿಂದ ಮಾಡಿದ. ಚಪ್ಪಲಿ ಬಿಟ್ಟು, ಸ್ನಾನ ಮಾಡಿ, ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ಬರೆದ. ಅಭ್ಯಾಸಬಲ, ಕಣ್ಣು ಕೊಂಚ ದೊಡ್ಡದಾಗಿ, ಕಾಡಿಗೆ ಹಚ್ಚಿದ ಹಾಗೆ ಬಂದುಬಿಟ್ಟಿತು. ಆದರೆ ಮುದ್ದಾಗಿತ್ತು. "ಬಸ್ಸಲ್ಲಿ ಮಾತ್ರ ಬೇಡ ಅಕ್ಕ. ಹಳೇ ಪ್ಲಾಸ್ಟರು, ರೋಡ್ ಹಂಪಲ್ಲಿ ಕುಲುಕಿದ್ರೆ ಬಿರುಕು ಬಿಡ್ತದೆ" ಎಂದು ಕೈಗಿಟ್ಟ. ಯಜಮಾನರ ಮುಖ ಅರಳಿತು. ನಾನು ದೇವರನ್ನು ನಂಬಿದಷ್ಟೇ ಅವರು ರೈಲನ್ನು ನಂಬುತ್ತಾರೆ. ಎರಡು ತಿಂಗಳ ಹಿಂದೆಯೇ, ಬುಕಿಂಗ್ ತೆರೆದ ದಿನವೇ, ಕಿಟಕಿ ಪಕ್ಕದ ಎರಡು ಸೀಟು ಮಾಡಿಸಿದ್ದರು. ಆ ಚೀಟಿಯನ್ನು ದಿನಾ ಒಮ್ಮೆ ಫೋನಿನಲ್ಲಿ ತೆರೆದು ನೋಡಿ ಸಂತೋಷಪಡುತ್ತಿದ್ದರು.

ಇಪ್ಪತ್ತಮೂರರ ಸಂಜೆ ಮೆಸೇಜು ಬಂತು. ಹಳಿ ಕಾಮಗಾರಿಯ ಸಲುವಾಗಿ ನಿಮ್ಮ ರೈಲು ರದ್ದು. ಇಡೀ ವರ್ಷದಲ್ಲಿ ಹಳಿ ರಿಪೇರಿಗೆ ಇಂಥ ಪ್ರಶಸ್ತ ಮುಹೂರ್ತ ಇನ್ನೊಂದು ಸಿಗಲಿಲ್ಲವೇನೋ. ಹಿಂದೆಯೇ ಇನ್ನೊಂದು ಮೆಸೇಜು: ಬದಲಿಗೆ ವಿಶೇಷ ರೈಲೊಂದನ್ನು ಬಿಡಲಾಗಿದೆ. ವಿಶೇಷವೇನೆಂದರೆ ಅದಕ್ಕೆ ರಿಸರ್ವೇಷನ್ ಇಲ್ಲ, ಮತ್ತು ಅದು ಹೊರಡುವುದು ಊರಿನ ಇನ್ನೊಂದು ತುದಿಯಿಂದ. ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು, ಬಾಲಯೇಸುವಿಗೆ ಹತ್ತಿ ಸುತ್ತಿ, ಅದರ ಮೇಲೆ ಟರ್ಕಿ ಟವೆಲ್ ಸುತ್ತಿ, ಜಾಲಹಳ್ಳಿಯಿಂದ ಮಾರತ್ತಹಳ್ಳಿಯವರೆಗೆ ತೆವಳಿಕೊಂಡು, ಅಲ್ಲಿಂದ ಮುಂದೆ ಇನ್ನೂ ತೆವಳಿಕೊಂಡು ಸ್ಟೇಷನ್ ತಲುಪಿದಾಗ ಎಂಟೂವರೆ. ಎಂಟು ನಲವತ್ತರ ರೈಲು ಒಂಬತ್ತೂವರೆಗೆ ಬರುತ್ತದೆ ಎಂದಿತು ಧ್ವನಿವರ್ಧಕ. ಒಂಬತ್ತೂವರೆಗೆ, ಹತ್ತೂಕಾಲಿಗೆ ಎಂದಿತು. ಹತ್ತೂಕಾಲಿಗೆ, ಹನ್ನೊಂದು ಎಂದಿತು. ಪ್ರತಿ ಸಲವೂ ಒಬ್ಬ ಹೆಣ್ಣುಮಗಳು ಜೇನಿನಂಥ ದನಿಯಲ್ಲಿ, "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎನ್ನುತ್ತಿದ್ದಳು. ಪಾಪನಿವೇದನೆಗೆ ಮೂರು ಬೇಕೆಂದು ನಮಗೆ ಚಿಕ್ಕಂದಿನಲ್ಲೇ ಕಲಿಸಿದ್ದಾರೆ: ತಪ್ಪೊಪ್ಪಿಕೊಳ್ಳಬೇಕು, ಪಶ್ಚಾತ್ತಾಪ ಪಡಬೇಕು, ಇನ್ನು ಮುಂದೆ ಮಾಡುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಬೇಕು. ಈ ತಾಯಿ ಮೊದಲಿನ ಎರಡನ್ನು ಕಾಲು ಗಂಟೆಗೊಮ್ಮೆ ಮೂರು ಭಾಷೆಗಳಲ್ಲಿ ಮಾಡುತ್ತಿದ್ದಳು. ಮೂರನೆಯದರ ಸುದ್ದಿಯನ್ನು ಯಾವ ಭಾಷೆಯಲ್ಲೂ ಎತ್ತಲಿಲ್ಲ.

ರೈಲು ಬಂದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಇಡೀ ಪ್ಲಾಟ್‌ಫಾರಂ ಒಂದೇ ಬಾಗಿಲಿಗೆ ನುಗ್ಗಿದಂತಾಯಿತು. ನನ್ನನ್ನು ಯಾರು ಹತ್ತಿಸಿದರೋ ಗೊತ್ತಿಲ್ಲ, ನಾನಾಗಿ ಹತ್ತಲಿಲ್ಲ. ಯಜಮಾನರು ಬಾಗಿಲ ಬಳಿಯೇ ಸಿಕ್ಕಿಕೊಂಡರು. ಬಾಲಯೇಸುವಿಗೆ ಏಟು ತಾಗಬಾರದೆಂದು ಭುಜಕ್ಕೆ ಒರಗಿಸಿಕೊಂಡು, ಬೆನ್ನ ಮೇಲೆ ಕೈಯಿಟ್ಟು ನಿಂತೆ. ಒಂದೂವರೆ ಅಡಿಯ ವಿಗ್ರಹವನ್ನು ಇನ್ನು ಹೇಗೆ ತಾನೆ ಹಿಡಿಯುವುದು?

"ಯಕ್ಕಾ, ಕೂಸು ಹಿಡಕೊಂಡು ಹ್ಯಾಂಗ ನಿಂದರ್ತೀರಿ? ಕುಂದರ್ರಿ ಇಲ್ಲೆ" ಎಂದು ಕಿಟಕಿ ಪಕ್ಕ ಕೂತಿದ್ದವನೊಬ್ಬ ಎದ್ದ. ಮುಖದ ತುಂಬ ಸಿಮೆಂಟಿನ ಬಣ್ಣದ ಆಯಾಸ. ವೈಟ್‌ಫೀಲ್ಡಿನಲ್ಲಿ ಕಟ್ಟಡದ ಕೆಲಸವಂತೆ, ಗದಗಿನ ಕಡೆಯವನು, ಹೆಸರು ಶರಣಪ್ಪ. ಬೆಳಿಗ್ಗೆ ಆರಕ್ಕೇ ಬಂದು ಕಾದು ಆ ಸೀಟು ಹಿಡಿದಿದ್ದನಂತೆ. "ಇದು ಕೂಸಲ್ಲಪ್ಪ" ಎಂದು ಹೇಳಲು ನಾನು ಬಾಯಿ ತೆರೆದೆ. ದೇವರಾಣೆಗೂ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಯಾರದೋ ಸೂಟ್‌ಕೇಸು ನನ್ನ ಸೊಂಟಕ್ಕೆ ಬಡಿಯಿತು. ಬಾಯಿ ಮುಚ್ಚಿ ಕೂತೆ.

ನಾನು ಸುಳ್ಳು ಹೇಳಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಸುಳ್ಳು ಸಾಕ್ಷಿ ಹೇಳಬೇಡ ಎಂದು ದೇವರ ಕಟ್ಟಳೆಯಿದೆಯೇ ಹೊರತು, ಕೇಳದವರಿಗೆಲ್ಲ ಸಾಕ್ಷಿ ಹೇಳುತ್ತ ತಿರುಗು ಎಂದಿಲ್ಲ. ಕಷ್ಟ ಶುರುವಾದದ್ದು ಎದುರಿನ ಹುಡುಗಿ ಕೇಳತೊಡಗಿದಾಗ. ಆಕೆ ಯಾವುದೋ ಸಾಫ್ಟ್‌ವೇರ್ ಕಂಪನಿಯವಳು, ಎಸಿ ಬೋಗಿಯ ಟಿಕೆಟ್ಟು ನಮ್ಮದರ ಜೊತೆಗೇ ರದ್ದಾಗಿ ಜನರಲ್ ಬೋಗಿಗೆ ಇಳಿದು ಬಂದವಳು.

"ಎಷ್ಟು ತಿಂಗಳು ಆಂಟಿ?"

"ನಾಳೆ ಹುಟ್ಟುಹಬ್ಬ" ಎಂದೆ. ಅದು ಸತ್ಯ.

"ವಾವ್! ಹೆಸರೇನು?"

"ಇಮ್ಮಾನುವೇಲ." ಅದೂ ಸತ್ಯ, ಯೇಸುವಿಗೆ ಆ ಹೆಸರು ಬೈಬಲಿನಲ್ಲೇ ಇದೆ.

"ಎಷ್ಟು ಸೈಲೆಂಟ್ ಬೇಬಿ! ನಮ್ಮಕ್ಕನ ಮಗು ಆಗಿದ್ರೆ ಇಷ್ಟೊತ್ತಿಗೆ ಬೋಗಿ ಕಿತ್ತು ಹಾಕ್ತಿತ್ತು" ಎಂದವಳೇ ಟವೆಲಿನಿಂದ ಹೊರಗೆ ಇಣುಕುತ್ತಿದ್ದ ಕಾಲನ್ನು ಮುಟ್ಟಿಬಿಟ್ಟಳು. "ಅಯ್ಯೋ ಆಂಟಿ, ಕಾಲು ಐಸ್ ಆಗಿದೆ!" ನಾನು ಬೇಡಬೇಡವೆನ್ನುತ್ತಿದ್ದಂತೆ ತಾನು ಹೊದ್ದಿದ್ದ ನೀಲಿ ಶಾಲು ತೆಗೆದು ಮಗುವಿನ ಮೇಲೆ ಹೊದಿಸಿ, ಡಿಸೆಂಬರಿನ ಗಾಳಿಗೆ ತಾನು ಕೈಕಟ್ಟಿ ಮುದುಡಿ ಕೂತಳು. ಸ್ವಲ್ಪ ಹೊತ್ತಿಗೆ ಆಚೆ ಸಾಲಿನ ಅಜ್ಜಿಯೊಬ್ಬರು ಒಂದು ಲೋಟ ಬಿಸಿ ಹಾಲು ಕೊಂಡು, ತಲೆಗಳ ಮೇಲಿಂದ ಕೈಯಿಂದ ಕೈಗೆ ದಾಟಿಸಿ ಕಳಿಸಿದರು. "ಎದ್ದ ಮೇಲೆ ಕುಡಿಸಿ ತಾಯಿ" ಎಂದು ಅಲ್ಲಿಂದಲೇ ಕೂಗಿದರು. ಆ ಹಾಲನ್ನು ಯಾರೂ ನೋಡದಾಗ ನಾನೇ ಕುಡಿದೆ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸಕ್ಕರೆ ಸರಿಯಾಗಿತ್ತು.

ಒಂದೂವರೆ ಗಂಟೆ ಹೋದ ರೈಲು ಸಿಗ್ನಲ್ಲಿಗೆ ನಿಂತಿತು. ಕಿಟಕಿಯಿಂದ ಹೊರಗೆ ನೋಡಿದರೆ ಮಹಡಿಯ ಮೇಲೆ ಯಾರದೋ ಹಸಿರು ನೈಟಿ ಹಾರಾಡುತ್ತಿದೆ. ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡೆ. ನನ್ನದೇ! ನಿನ್ನೆ ಒಣಗಹಾಕಿ ಮರೆತದ್ದು. ಬೆಳಿಗ್ಗೆ ಬಿಟ್ಟುಹೋದ ನಮ್ಮ ಮನೆಯ ಬೆನ್ನಿಗೇ ರೈಲು ನಿಂತಿತ್ತು. ಊರನ್ನೆಲ್ಲ ಅಡ್ಡ ದಾಟಿ ಹೋಗಿ ಹಿಡಿದ ರೈಲು ನಮ್ಮನ್ನು ನಮ್ಮ ಹಿತ್ತಿಲಿಗೇ ತಂದು ಮುಕ್ಕಾಲು ಗಂಟೆ ನಿಲ್ಲಿಸಿತು. ಬಾಗಿಲ ಬಳಿಯಿಂದ ಯಜಮಾನರು ಫೋನು ಮಾಡಿದರು. "ಕಾಫಿ ಮಾಡ್ಕೊಂಡು ಕುಡಿದು ಬರೋಣ ಏನೇ?" ಎಂದರು. ರೈಲಿನ ಮೇಲೆ ಅವರಿಗಿದ್ದ ನಂಬಿಕೆ ಅಲ್ಲಾಡಿದ್ದು ಅದೇ ಮೊದಲು. ನಾನು ಮಾತ್ರ ಹಿಂಬಾಗಿಲಿನ ಬೀಗ ಹಾಕಿದೆಯೆಂದು ಕಣ್ಣಾರೆ ನೋಡಿ ಸ್ತೋತ್ರ ಹೇಳಿದೆ.

ಅಷ್ಟು ಹೊತ್ತೂ ಶರಣಪ್ಪ ನಿಂತೇ ಇದ್ದ. ಸಾಹೇಬರೆಲ್ಲ ಕ್ರಿಸ್‌ಮಸ್ ರಜೆಗೆ ಗೋವಾಕ್ಕೆ ಹೋದದ್ದರಿಂದ ಕೆಲಸ ನಿಂತು, ಇವನಿಗೂ ಸಂಬಳವಿಲ್ಲದ ಸೂಟಿ ಸಿಕ್ಕಿತ್ತಂತೆ. ನಿಂತಲ್ಲೇ ತೂಕಡಿಸುತ್ತಿದ್ದ. ತುಮಕೂರು ದಾಟಿತು, ತಿಪಟೂರು ಬಂತು. ನನಗೆ ಎರಡು ಚಿಂತೆ. ಆರು ಗಂಟೆಯೊಳಗೆ ಮಗು ಗೋದಲಿ ಸೇರಬೇಕು. ಅಲ್ಲಿಯವರೆಗೆ ಈ ಜನಕ್ಕೆ ಮುಖ ತೋರಿಸಬಾರದು. ಶರಣಪ್ಪನ ಮೊಣಕಾಲು ಮಡಿಚಿದಾಗಲೆಲ್ಲ, "ಈಗಲಾದರೂ ಹೇಳು ರೀಟಾ" ಎಂದು ಒಳಗಿನಿಂದ ಯಾರೋ ತಿವಿಯುತ್ತಿದ್ದರು. "ಇನ್ನು ಹೇಳಿದರೆ ಹಾಲಿನ ಲೆಕ್ಕವೂ ಕೊಡಬೇಕಾಗುತ್ತದೆ" ಎಂದು ನಾನು ಅವರ ಬಾಯಿ ಮುಚ್ಚಿಸುತ್ತಿದ್ದೆ.

ಅರಸೀಕೆರೆ ಬಂದಾಗ ನಾಲ್ಕೂಮುಕ್ಕಾಲು. ಬಾಗಿಲಿನತ್ತ ಒಂದು ಹೆಜ್ಜೆ ಇಡಲೂ ಜಾಗವಿಲ್ಲ. "ನೀವು ಮೊದ್ಲ ಇಳೀರಿ ಯಕ್ಕಾ. ಕೂಸಿಗೆ ಉಸಿರು ಕಟ್ಟತೈತಿ, ನಾವು ದಾಟಸ್ತೀವಿ" ಎಂದು ಶರಣಪ್ಪ ನನ್ನ ಕೈಯಿಂದ ಬಾಲಯೇಸುವನ್ನು ಎತ್ತಿಕೊಂಡೇಬಿಟ್ಟ. ನೂಕಿಸಿಕೊಂಡು ಕೆಳಗಿಳಿದು ತಿರುಗಿ ನೋಡಿದರೆ, ತಲೆಗಳ ಮೇಲೆ, ಕೈಯಿಂದ ಕೈಗೆ, ನಮ್ಮೂರ ಬಾಲಯೇಸು ತೇಲಿಕೊಂಡು ಬರುತ್ತಿದ್ದಾನೆ. "ಮೆಲ್ಲಗೆ, ಮೆಲ್ಲಗೆ!" "ತಲೆ ಹಿಡ್ಕೊಳ್ರೋ!" "ಕತ್ತು ನಿಂತಿರಲ್ಲ, ಹುಷಾರು ಗುರೂ!" ಯಾರಿಗೆ ಅದರ ತೂಕ ಅನುಮಾನ ತಂದಿತೋ ತಿಳಿಯದು, ಬಾಗಿಲ ಹತ್ತಿರ ಬರುವಷ್ಟರಲ್ಲಿ ಮುಖದ ಮೇಲೆ ಸುತ್ತಿದ್ದೆಲ್ಲ ಜಾರಿ, ಕುಮಾರಣ್ಣ ಬರೆದ ಎರಡು ದೊಡ್ಡ ಕಣ್ಣು ಇಡೀ ಬೋಗಿಯನ್ನು ಪಿಳಿಪಿಳಿ ನೋಡಿದವು.

"ಆಂಟೀ!" ಎಂದಳು ಆ ಹುಡುಗಿ ಕಿಟಕಿಯಿಂದ. ನಾನು ಪ್ಲಾಟ್‌ಫಾರಂ ಬಿರಿದು ನನ್ನನ್ನು ನುಂಗಲಿ ಎಂದು ಬೇಡಿದೆ. ಕಾಮಗಾರಿ ಅಲ್ಲಿಯವರೆಗೆ ಬಂದಿರಲಿಲ್ಲ. ಶರಣಪ್ಪ ಜನರ ನಡುವೆ ತೂರಿ ಬಂದು, ಬಾಗಿಲಲ್ಲಿದ್ದವನಿಂದ ಬಾಲಯೇಸುವನ್ನು ತೆಗೆದುಕೊಂಡು, ಅದರ ಪಾದಕ್ಕೆ ಹಣೆ ತಾಗಿಸಿ, ಬಗ್ಗಿ ನನ್ನ ಕೈಗಿಟ್ಟ.

"ಅಯ್ಯ ಯಕ್ಕಾ, ಇಂವ ದೇವ್ರಲ್ರಿ! ಮೊದ್ಲ ಹೇಳಬಾರದೇನ್ರಿ? ಹೇಳಿದ್ರ ಎದುರಿನ ಸೀಟೂ ಬಿಡಿಸಿ ಕೊಡಸ್ತಿದ್ದೆ" ಎಂದ.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ರೈಲು ಅಲ್ಲಾಡಿತು. ನೀಲಿ ಶಾಲನ್ನು ಎತ್ತಿ ಹಿಡಿದು ಕಿಟಕಿಯ ಪಕ್ಕ ಓಡಿದೆ. "ಇರ್ಲಿ ಬಿಡಿ ಆಂಟಿ, ನಾಳೆ ಬರ್ತ್‌ಡೇ ಅಲ್ವಾ!" ಎಂದು ಆ ಹುಡುಗಿ ಕೈಬೀಸಿದಳು.

ಅಣ್ಣನ ಗೂಡ್ಸ್ ಆಟೋದಲ್ಲಿ ಊರು ಮುಟ್ಟಿದಾಗ ಆರಕ್ಕೆ ಐದು ನಿಮಿಷ. ಫಾದರು ಆಗಲೇ ಬಾಗಿಲಲ್ಲಿ ನಿಂತಿದ್ದರು. ಬಾಲಯೇಸುವನ್ನು ಆ ನೀಲಿ ಶಾಲಿನ ಮೇಲೆಯೇ ಗೋದಲಿಯಲ್ಲಿ ಮಲಗಿಸಿದರು. ಪೂಜೆ ಮುಗಿದ ಮೇಲೆ ಅತ್ತಿಗೆ ಬಗ್ಗಿ ಬಗ್ಗಿ ನೋಡಿದಳು. "ಕಣ್ಣೇನೋ ನಮ್ಮನ್ನೇ ನುಂಗೋ ಅಂಗದೆ. ಆದ್ರೂವೆ ಲಕ್ಷಣವಾಗವ್ನೆ. ಈ ಶಾಲು ಯಾವ ಅಂಗಡೀದವ್ವ?" ಎಂದಳು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. "ಬೆಂಗಳೂರಿಂದು" ಎಂದೆ. ಅಷ್ಟು ದೂರ, ಅಂಥ ರೈಲಿನಲ್ಲಿ, ಪಾಪ, ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದಾಳೆ, ಎಂಥ ಭಕ್ತಿ ಎಂದು ಊರು ಹೊಗಳಿತು. ಯಜಮಾನರು ಕೆಮ್ಮಿದರು. ಮಾರನೆಯ ದಿನ ಫಾದರಿಗೆ ಎಲ್ಲವನ್ನೂ ನಿವೇದಿಸಿದೆ. ಅವರು ತಲೆ ತಗ್ಗಿಸಿಕೊಂಡರು, ಭುಜ ಮಾತ್ರ ಕುಲುಕುತ್ತಿತ್ತು. ಕೊನೆಗೆ, "ಇನ್ನು ಮೇಲೆ ಮಗು ಎತ್ತಿಕೊಂಡವರನ್ನು ಕಂಡರೆ ಮರುಮಾತಿಲ್ಲದೆ ಎದ್ದು ಜಾಗ ಕೊಡಿ ರೀಟಮ್ಮ, ಅದೇ ಪ್ರಾಯಶ್ಚಿತ್ತ" ಎಂದರು. ಇಷ್ಟು ಸುಲಭದ್ದೇ ಎಂದು ಹಗುರಾಗಿ ಎದ್ದೆ.

ಎರಡು ದಿನ ಕಳೆದು ಬೆಂಗಳೂರಿಗೆ ವಾಪಸು ಬರುವಾಗ ಅದೇನು ಪುಣ್ಯವೋ, ರೈಲಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ತಿಪಟೂರಿನಲ್ಲಿ ಒಬ್ಬಳು ಹತ್ತಿ ನಮ್ಮ ಪಕ್ಕದಲ್ಲೇ ನಿಂತಳು. ಭುಜದ ಮೇಲೆ ಟವೆಲಿನಲ್ಲಿ ಸುತ್ತಿದ ಮಗು. ಯಜಮಾನರು ಮಂಡಿ ಹಿಡಿದುಕೊಂಡು, "ಏಳೇ, ಫಾದರ್ ಹೇಳಿಲ್ವಾ?" ಎಂದು ಮೊಣಕೈಯಿಂದ ತಿವಿದರು. ನಾನು ಏಳಲಿಲ್ಲ. ಮಗುವಿನ ಕಾಲು ಟವೆಲಿನಿಂದ ಹೊರಗೆ ಇಣುಕುತ್ತಿತ್ತು. ಅದು ಅಲ್ಲಾಡುತ್ತದೆಯೇ ಎಂದು ಎರಡು ಸ್ಟೇಷನ್ ನೋಡುತ್ತ ಕೂತೆ. ಅದು ಕಿಟಾರನೆ ಕಿರುಚಿಕೊಂಡ ಮೇಲೆ ಎದ್ದೆ.