ಎಡಗಡೆಯ ಕುಕ್ಕರ್

ನಮ್ಮ ಮನೆಯವರು, ಅಂದರೆ ಧರ್ಮ, ಒಳ್ಳೆಯವರು. ಏನಾದರೂ ಕೆಲಸವಿದ್ದರೆ ಹೇಳು ಎಂದು ದಿನಾ ಕೇಳುತ್ತಾರೆ. (ಹೇಳುವುದೂ ಒಂದು ಕೆಲಸ, ಅದನ್ನು ಯಾರಿಗೆ ಹೇಳುವುದು?) ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಅವರು ಸಂಜೆ ಬಂದು ಪೇಪರ್ ಬಿಡಿಸುತ್ತಾರೆ. ನಾನು ಯಸಳೂರಿನ ಮನೆಯಲ್ಲೇ ಕುಳಿತು ಆಫೀಸಿಗೆ ಪ್ರೋಗ್ರಾಂ ಬರೆಯುತ್ತಾ, ಒಂದು ಕಿವಿಯನ್ನು ಕುಕ್ಕರಿನ ಸೇವೆಗೆ ಅರ್ಪಿಸಿರುತ್ತೇನೆ.

ಪ್ರೋಗ್ರಾಂ ಬರೆಯುವ ಎಡಿಟರಿನಲ್ಲಿ ಸಾಲುಗಳ ಎಡಗಡೆ ಸಣ್ಣದೊಂದು ಪಟ್ಟಿ. ತಪ್ಪಿದರೆ ಅಲ್ಲಿ ಕೆಂಪು 'ಇ', ಎಚ್ಚರಿಕೆಗೆ ಹಳದಿ 'ಡಬ್ಲ್ಯೂ'. ಮೇಷ್ಟ್ರು ಕಾಪಿ ತಿದ್ದಿದ ಹಾಗೆ. ಬೇಸರವಾಗಿ ಒಂದು ದಿನ ಸೆಟ್ಟಿಂಗ್ಸ್‌ನಲ್ಲಿ ಆ ಅಕ್ಷರಗಳ ಬದಲು ತಪ್ಪಿಗೆ ಕುಕ್ಕರಿನ ಚಿತ್ರ, ಎಚ್ಚರಿಕೆಗೆ ಕಾಫಿ ಲೋಟ ಹಾಕಿಕೊಂಡೆ.

ಆ ಸಂಜೆ ಧರ್ಮ ಹಿಂದೆ ನಿಂತು ಪರದೆ ನೋಡಿದರು. ನೇರ ಒಳಗೆ ಹೋಗಿ ಅಕ್ಕಿ ತೊಳೆದು ಕುಕ್ಕರ್ ಇಟ್ಟರು. ಮರುದಿನ ಲೋಟ ಕಂಡು ಕಾಫಿ ತಂದರು. ಚಿತ್ರವನ್ನೇ ಅಪ್ಪಣೆ ಎಂದುಕೊಂಡಿದ್ದಾರೆ, ಪಾಪ! ತಿಳಿಸಿ ಹೇಳುವಷ್ಟು ದಡ್ಡಿ ನಾನಲ್ಲ. ಅವರು ಬರುವ ಹೊತ್ತಿಗೆ ಸರಿಯಾಗಿ ಒಂದೆರಡು ತಪ್ಪುಗಳನ್ನು ತಿದ್ದದೆ ಉಳಿಸಿಕೊಳ್ಳತೊಡಗಿದೆ. ಮದುವೆಯಾದ ಮೇಲೆ ಮೊದಲ ಸಲ ಬಿಸಿ ಕಾಫಿಯನ್ನು ಬಿಸಿಯಾಗಿಯೇ ಕುಡಿದೆ.

ಶುಕ್ರವಾರ ಆಫೀಸಿನಲ್ಲಿ ನನ್ನ ಮೇಲಿನ ಅಧಿಕಾರಿಯಾದ ಶಬೀನಾ ಫೋನ್ ಮಾಡಿ, ಕೆಲಸ ಇವತ್ತೇ ಒಪ್ಪಿಸಬೇಕು, ಒಂದು ತಪ್ಪೂ ಇರಬಾರದು ಎಂದಳು. ವಿಧಿಯಿಲ್ಲದೆ ಎಲ್ಲವನ್ನೂ ತಿದ್ದಿದೆ. ಪಟ್ಟಿ ಬರಿದಾಯಿತು, ನನ್ನ ಸಾಮ್ರಾಜ್ಯ ಮುಳುಗಿತು.

ಸಂಜೆ ಧರ್ಮ ಪರದೆ ನೋಡಿದವರೇ ಕಾಫಿ ಮಾಡಿ ತಂದು ಕೈಗಿಟ್ಟರು.

"ಅಂತೂ ಸರಿಹೋಯ್ತಲ್ಲ ಮಾರಾಯ್ತಿ."

"ಏನು ಸರಿಹೋಗಿದ್ದು?"

"ಅಲ್ಲಿ ಬರೋದು ತಪ್ಪಿನ ಗುರುತು ಅಂತ ನಂಗೊತ್ತಿಲ್ವೇನೇ? ಕುಕ್ಕರ್ ಚಿಂತೇಲೇ ಇವಳು ತಪ್ಪು ಬರೀತಾಳೆ ಅಂತ ಕಂಪ್ಯೂಟರೇ ತೋರಿಸ್ತಾ ಐತೆ. ಅದಕ್ಕೇ ನಾನೇ ಇಟ್ಟೆ. ನಿನ್ ಕೆಲ್ಸ ಹೋಗ್ಬುಟ್ರೆ ಅಂತ ನಮ್ಮವ್ವ ಹರಕೆ ಬೇರೆ ಹೊತ್ತವಳೆ ಕಣೇ."

ಅಡುಗೆಯ ಚಿಂತೆಯಲ್ಲಿ ಕೆಲಸ ಕೆಡುತ್ತದೆ ಎಂದು ಇಷ್ಟು ವರ್ಷ ನಾನು ಬಾಯಿಬಿಟ್ಟು ಹೇಳಿದ್ದೂ ಇದನ್ನೇ. ಅವರಿಗೆ ನಂಬಿಕೆ ಬಂದದ್ದು ಯಂತ್ರ ಹೇಳಿದ ಮೇಲೆ. ಕೋಪ ಬರಬೇಕಿತ್ತು. ಕೈಯಲ್ಲಿ ಬಿಸಿ ಕಾಫಿ ಇತ್ತಲ್ಲ, ಅವರ ಬಗ್ಗೆಯೂ ಯಂತ್ರದ ಬಗ್ಗೆಯೂ ಕೃತಜ್ಞತೆಯೇ ಉಕ್ಕಿತು.

"ಇನ್ನೇನು, ಸೋಮವಾರದಿಂದ ಕುಕ್ಕರ್ ನೀನೇ ಇಟ್ಕೋಬೋದು" ಎಂದು ಪೇಪರ್ ಬಿಡಿಸಿದರು.

ನಾನು ಜಾಣೆ ಎಂದು ಮನೆಗೆಲ್ಲ ಸಾಬೀತಾಗಿ ಎರಡು ದಿನ ಕಳೆಯಿತು. ಸೋಮವಾರ ಸಂಜೆ ಗೇಟಿನ ಸದ್ದು ಕೇಳಿದ್ದೇ, ಅತ್ತೆಯ ಹರಕೆಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ, ಪ್ರೋಗ್ರಾಮಿನ ಮೊದಲನೇ ಸಾಲನ್ನೇ ಬೇಕೆಂದೇ ಕೆಡಿಸಿದೆ.